ಕೊನೆ ಹೆಸರಿನ ಖಾನೆ

ಹೊಸದುರ್ಗದ ಸೈಬರ್ ಸೆಂಟರಿನಿಂದ ಅಪ್ಪ ಫೋನ್ ಮಾಡಿದ್ರು. "ಕೊನೆ ಹೆಸರು ಅಂತ ಕೇಳ್ತೈತೆ ಕಣಪ್ಪ. ನಂದು ಒಂದೇ ಹೆಸರು, ಏನ್ ಹಾಕ್ಲಿ?" ಅಂಗಡಿಯ ಹುಡುಗ ಚುಕ್ಕಿ ಒತ್ತಿ ನೋಡಿದ, ಆಗಲಿಲ್ಲ. ಕೊನೆಗೆ ಊರ ಹೆಸರು ಹಾಕಿ ಅರ್ಜಿ ಕಳಿಸಿದರು. ಈಗ ಪಹಣಿಯಲ್ಲಿ ಅಪ್ಪನ ಹೆಸರೊಂದು, ಆ ಅರ್ಜಿಯಲ್ಲಿ ಇನ್ನೊಂದು. ಎರಡೂ ಒಬ್ಬರೇ ಅಂತ ಸಾಬೀತು ಮಾಡೋಕೆ ಅಫಿಡವಿಟ್ ಮಾಡಿಸಬೇಕಾಯ್ತು.

ಅಪ್ಪನನ್ನು ತಡೆದದ್ದು ಒಂದೇ ಪದ: ರಿಕ್ವೈರ್ಡ್. ಖಾನೆಯ ಟ್ಯಾಗಿನೊಳಗೆ ಚೀಟಿಯ ಹಾಗೆ ಅಂಟಿಸುವ ಇಂಥ ಪದಕ್ಕೆ ಆಟ್ರಿಬ್ಯೂಟ್ ಅಂತಾರೆ. ಆ ಪದ ಅಲ್ಲಿಗೆ ಬಂದದ್ದು ನಿಧಾನವಾಗಿ.

1995ರ ಎಚ್‌ಟಿಎಂಎಲ್ 2.0ರಲ್ಲಿ, ಎಷ್ಟು ಅಕ್ಷರ ಹಿಡಿಸಬೇಕು ಅಂತ ಹೇಳೋ ಮ್ಯಾಕ್ಸ್‌ಲೆಂತ್ ಇತ್ತು. ಮಿಕ್ಕ ತಪ್ಪುಗಳನ್ನೆಲ್ಲ ಸರ್ವರ್ ಹಿಡಿಯಬೇಕಿತ್ತು. ಫಾರಂ ಕಳಿಸಿ, ಕಾದು, ವಾಪಸ್ ಬಂದರೆ ಮತ್ತೆ ತುಂಬಬೇಕು. ಅದೇ ವರ್ಷ ಜಾವಾಸ್ಕ್ರಿಪ್ಟ್ ಬಂದು ಪರೀಕ್ಷೆ ಬ್ರೌಸರಿಗೇ ಇಳಿಯಿತು. ಆದರೆ ಖಾನೆ ಒಂದು ಕಡೆ, ನಿಯಮ ಇನ್ನೊಂದು ಕಡೆ. ಒಂದನ್ನು ಬದಲಿಸಿದವರು ಇನ್ನೊಂದನ್ನು ಮರೀತಿದ್ರು. 2006ರಲ್ಲಿ ಜೆಕ್ವೆರಿ ಬಂತು. ಆಮೇಲೆ ಕೆಲವರು ಅದರ ಪ್ಲಗಿನ್ ಬಳಸಿ, ನಿಯಮವನ್ನು ಕ್ಲಾಸ್ ಆಟ್ರಿಬ್ಯೂಟಿನಲ್ಲೇ ತುರುಕಿದರು. ಮುಖ್ಯವಾಗಿ ಪುಟದ ಅಂದಚಂದಕ್ಕೆ ಬಳಸುತ್ತಿದ್ದ ಜಾಗ ಅದು! ಎಚ್‌ಟಿಎಂಎಲ್5 ಇಂಥ ಮಾಹಿತಿಗೆಂದೇ 'ಡೇಟಾ-' ಅಂತ ಶುರುವಾಗುವ ಆಟ್ರಿಬ್ಯೂಟುಗಳನ್ನು ಕೊಟ್ಟಿತು. 2011ರಲ್ಲಿ ಬಂದ ಮೈಕ್ರೋಸಾಫ್ಟಿನ ಎಂವಿಸಿ 3 ನಿಯಮಗಳನ್ನು ಅಲ್ಲೇ ಇಟ್ಟಿತು. ರಿಕ್ವೈರ್ಡ್, ಪ್ಯಾಟರ್ನ್ ಎರಡೂ ಇದ್ದ ಎಚ್‌ಟಿಎಂಎಲ್5ಗೆ 2014ರ ಅಕ್ಟೋಬರ್ 28ರಂದು ಡಬ್ಲ್ಯೂ3ಸಿ ಅಂತಿಮ ಮುದ್ರೆ ಒತ್ತಿತು.

ನಮಗೆ ಕೆಲಸ ಹಗುರಾಯ್ತು, ನಿಜ. ಆದರೆ ಒಂದು ಪದ ಟೈಪ್ ಮಾಡೋದು ಎಷ್ಟು ಸುಲಭ ಆಯ್ತೋ, ಯೋಚಿಸದೆ ಹಾಕೋದೂ ಅಷ್ಟೇ ಸುಲಭ ಆಯ್ತು. ಪ್ಯಾಟರ್ನಿನಲ್ಲಿ ಎ ಇಂದ ಝಡ್ ಅಂತಷ್ಟೇ ಬರೆದರೆ ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ತಪ್ಪು.

ನೆಲ ಗೊತ್ತಿದ್ದವರು ಖಾನೆ ಮಾಡಿದರೆ ಹೇಗಿರ್ತದೆ ಅನ್ನೋಕೆ ನಮ್ಮ 'ಭೂಮಿ' ತಂತ್ರಾಂಶವನ್ನೇ ನೋಡಿ. ಪಹಣಿ ಹುಡುಕೋವಾಗ ಸರ್ವೆ ನಂಬರ್ ಒಂದು ಖಾನೆ, ಹಿಸ್ಸಾ ಬೇರೆ ಖಾನೆ. ಹೊಲ ಪಾಲಾದಂತೆ ಹಿಸ್ಸಾದಲ್ಲಿ ಅಂಕಿ ಜತೆ ಅಕ್ಷರವೂ ಬರ್ತದೆ. ಅಲ್ಲಿ 'ಅಂಕಿ ಮಾತ್ರ' ಅಂತ ಹಾಕಿದ್ದರೆ ಎಷ್ಟೋ ಜನರ ಹೊಲವೇ ಸಿಗ್ತಿರಲಿಲ್ಲ.

ರಿಕ್ವೈರ್ಡ್ ಅನ್ನೋ ಪದವನ್ನು ಬ್ರೌಸರಿನಲ್ಲೇ ಅಳಿಸಬಹುದು. ಅದಕ್ಕೇ ಸರ್ವರಿನಲ್ಲೂ ಪರೀಕ್ಷೆ ಇರಲೇಬೇಕು. ಅದನ್ನು ಅಳಿಸೋ ವಿದ್ಯೆ ನನಗೆ ಗೊತ್ತು, ಅಪ್ಪನಿಗಲ್ಲ. ಮಾರನೇ ದಿನ ಆಫೀಸಿಗೆ ಹೋಗಿ ನಾನೇ ಬರೆದಿದ್ದ ಒಂದು ಫಾರಂ ತೆರೆದೆ. ಕೊನೆ ಹೆಸರಿನ ಖಾನೆಯಲ್ಲಿ ಅದೇ ಪದ ಇತ್ತು. ಎರಡೂ ಕಡೆ ತೆಗೆದೆ.