ಮಾಯಾವಸ್ತು ಕೇಳುವ ಬೆಲೆ

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟಗಾರರು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುತ್ತಾರೆ. ಆ ಕಥೆಯಲ್ಲಿ ಕೈಸೇರುವ ಕತ್ತಿ, ಉಂಗುರ, ಚೀಲಗಳ ಅರ್ಧ ಶತಮಾನದ ಚರಿತ್ರೆಯುದ್ದಕ್ಕೂ ಒಂದೇ ಪ್ರಶ್ನೆ ಹರಿದುಬಂದಿದೆ: ಮಾಯಾವಸ್ತುವನ್ನು ಪಡೆದವರು ಅದಕ್ಕೆ ಏನನ್ನು ತೆರಬೇಕು?

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೂರು ಕಿರುಹೊತ್ತಗೆಗಳಾಗಿ ಅಮೆರಿಕದಲ್ಲಿ ಹೊರಬಂತು. ಅದರ ಮಾಯಾಖಡ್ಗಕ್ಕೆ ಬುದ್ಧಿಯೂ ಅಹಂಕಾರವೂ ಇದ್ದವು. ಹಿಡಿದವನ ಮನಸ್ಸು ದುರ್ಬಲವಾದರೆ ಕತ್ತಿಯೇ ಅವನನ್ನು ಆಳುತ್ತಿತ್ತು. ಆತ್ಮಗಳನ್ನು ಹೀರುವ ಖಡ್ಗದ ಕಥೆ ಬರೆದ ಮೈಕೆಲ್ ಮೂರ್ಕಾಕ್ ಅವರ ಪ್ರಭಾವವನ್ನು ಗೈಗ್ಯಾಕ್ಸ್ ಮುಂದೆ ತಾವೇ ದಾಖಲಿಸಿದರು. 1976ರ ಪುರವಣಿಯಲ್ಲಿ ಬಂದ, ವೆಕ್ನಾ ಎಂಬ ಮಾಂತ್ರಿಕನ ಕೈ ಮತ್ತು ಕಣ್ಣು ಈ ದಾರಿಯ ತುತ್ತತುದಿ. ಅವುಗಳ ಶಕ್ತಿ ಬೇಕೆಂದರೆ ತನ್ನ ಕೈಯನ್ನೇ, ಕಣ್ಣನ್ನೇ ಕಳೆದುಕೊಂಡು ಆ ಜಾಗದಲ್ಲಿ ಅವನ್ನು ಇರಿಸಿಕೊಳ್ಳಬೇಕು.

ಆದರೆ ಲೆಕ್ಕಾಚಾರವೂ ಜೊತೆಜೊತೆಗೇ ಬೆಳೆಯಿತು. ಇದೇ ಆಟದ ನಿಯಮಗ್ರಂಥವಾದ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಮಾಯಾವಸ್ತುಗಳಿಗೆ ಚಿನ್ನದ ನಾಣ್ಯಗಳಲ್ಲಿ ಬೆಲೆ ಕಟ್ಟಿತು. 2000ದಲ್ಲಿ ಬಂದ ಆಟದ ಮೂರನೇ ಆವೃತ್ತಿ ಆ ಬೆಲೆಗೆ ಸೂತ್ರವನ್ನೇ ಕೊಟ್ಟಿತು: ದಾಳಕ್ಕೆ ಒಂದಂಕಿ ಕೂಡಿಸುವ ಆಯುಧದ ಮಾಯೆಗೆ 2,000 ನಾಣ್ಯ, ಎರಡಂಕಿಗೆ 8,000, ಮೂರಕ್ಕೆ 18,000. ಇದರಿಂದ ಆಟಗಾರರು ತಮ್ಮ ವಸ್ತುಗಳನ್ನು ತಾವೇ ಯೋಜಿಸಿ ತಯಾರಿಸುವಂತಾಯಿತು. ಆಟ ನಡೆಸುವವರಿಗೆ ಸಮತೋಲ ಕಾಯುವುದು ಸುಲಭವಾಯಿತು. ನಷ್ಟ ಮಾತ್ರ ದೊಡ್ಡದು. ಯಾವ ಹಂತದ ವೀರನ ಬಳಿ ಎಷ್ಟು ಸಂಪತ್ತಿರಬೇಕೆಂದು ಕೋಷ್ಟಕವೇ ಹೇಳತೊಡಗಿದಾಗ, ಮಾಯಾವಸ್ತು ಬೆರಗು ಕಳೆದುಕೊಂಡು ಸಂಬಳದಂತಾಯಿತು.

ಆ ಬೆರಗನ್ನು ಬೇರೆ ಆಟಗಳು ಕಾಪಾಡಿದವು. 1981ರ ‘ಕಾಲ್ ಆಫ್ ಕ್ಥುಲು’ವಿನಲ್ಲಿ ಮಂತ್ರಗ್ರಂಥ ಓದಿದವರು ಮಾನಸಿಕ ಸ್ವಾಸ್ಥ್ಯವನ್ನೇ ತೆರಬೇಕು. 1993ರ ‘ಅರ್ತ್‌ಡಾನ್’ನಲ್ಲಿ ವಸ್ತುವಿನ ಪೂರ್ವೋತ್ತರವನ್ನು ಹುಡುಕಿ ತಿಳಿದಷ್ಟೂ ಅದರ ಶಕ್ತಿ ತೆರೆದುಕೊಳ್ಳುತ್ತದೆ, ಇಲ್ಲಿ ಬೆಲೆಯೆಂದರೆ ಅನ್ವೇಷಣೆ. 2013ರ ‘ನ್ಯೂಮೆನೆರಾ’ ಸೈಫರ್‌ಗಳೆಂಬ ಒಮ್ಮೆ ಬಳಸಿದರೆ ಮುಗಿದುಹೋಗುವ ವಸ್ತುಗಳನ್ನು ಆಟದ ನಡುವಿಗೇ ತಂದಿತು. ಘಟೋತ್ಕಚನ ಮೇಲೆ ಶಕ್ತ್ಯಾಯುಧ ಬಿಡಬೇಕಾಗಿ ಬಂದ ಕರ್ಣನ ಸಂಕಟ ಬಲ್ಲ ನಮಗೆ, ಒಂದೇ ಸಲದ ಅಸ್ತ್ರ ಹುಟ್ಟಿಸುವ ತಳಮಳವನ್ನು ವಿವರಿಸಬೇಕಿಲ್ಲ.

2014ರ ಐದನೇ ಆವೃತ್ತಿಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಕೂಡ ಹಿಡಿತ ಸಡಿಲಿಸಿತು. ನಿಖರ ದರಪಟ್ಟಿಯ ಜಾಗಕ್ಕೆ ಸಾಮಾನ್ಯದಿಂದ ಐತಿಹ್ಯದವರೆಗಿನ ಶ್ರೇಣಿ ಬಂತು. ಪ್ರಬಲ ವಸ್ತುಗಳ ಪೈಕಿ ಏಕಕಾಲಕ್ಕೆ ಮೂರರೊಡನೆ ಮಾತ್ರ ನಂಟು ಬೆಸೆಯಬಹುದೆಂಬ ಮಿತಿ ಬಂತು. ಮೂರನ್ನು ಆರಿಸಿದವರು ಉಳಿದುದನ್ನು ಬಿಟ್ಟುಕೊಡಲೇಬೇಕು.

ಇಷ್ಟೆಲ್ಲ ಬದಲಾವಣೆಗಳ ನಡುವೆ ಆಟಗಾರರ ಒಲವು ಕಳೆದುಕೊಳ್ಳದ ವಸ್ತು ‘ಬ್ಯಾಗ್ ಆಫ್ ಹೋಲ್ಡಿಂಗ್’. 2014ರ ನಿಯಮಗಳಲ್ಲಿ 500 ಪೌಂಡ್ ಸರಕು ತುಂಬಿದರೂ ಈ ಚೀಲದ ತೂಕ 15 ಪೌಂಡ್ ಮಾತ್ರವಿತ್ತು. ಅದು ದಾಳಕ್ಕೆ ಒಂದಂಕಿಯನ್ನೂ ಕೂಡಿಸುವುದಿಲ್ಲ. ಆದರೆ ಹರಿದರೆ ಒಳಗಿದ್ದುದೆಲ್ಲ ಲೋಕಾಂತರಕ್ಕೆ ಚೆಲ್ಲಿಹೋಗುತ್ತದೆ. ಒಳಗೆ ಅಡಗಿದವರಿಗೆ ಉಸಿರು ಕೆಲವೇ ನಿಮಿಷ. ಈ ಅಪಾಯಗಳೇ ಆಟಗಾರರ ಕಲ್ಪನೆಯನ್ನು ಕೆಣಕುತ್ತವೆ.

ಹೊಸ ಮಾಯಾವಸ್ತು ರೂಪಿಸುವವರು ಈ ಚರಿತ್ರೆಯಿಂದ ಕಲಿಯಬೇಕಾದುದು ಇಷ್ಟು: ಅದು ಕೊಡುವ ಶಕ್ತಿಗಿಂತ ಮೊದಲು ಅದು ಕೇಳುವ ತ್ಯಾಗವನ್ನು ಯೋಚಿಸಿ. ಚಿನ್ನ ತೆತ್ತು ಕೊಂಡ ಕತ್ತಿಯನ್ನು ಇನ್ನೂ ಉತ್ತಮ ಕತ್ತಿ ಸಿಕ್ಕಿದೊಡನೆ ಮಾರಿಬಿಡುತ್ತಾರೆ. ತಮ್ಮದೇನನ್ನೋ ಬಿಟ್ಟುಕೊಟ್ಟು ಪಡೆದುದನ್ನು ಮಾರಲು ಮನಸ್ಸು ಬಾರದು.