ದೂರವಾಣಿ ಬಿಲ್ಲಿನಲ್ಲಿ ಗಡಿಯ ಲೆಕ್ಕ

ಶಾಸನ, ಕಡತ, ಕೈಫಿಯತ್ತುಗಳನ್ನು ಚರಿತ್ರೆಯ ಆಕರಗಳೆಂದು ಒಪ್ಪುವ ನಾವು ಮನೆಯ ಮೂಲೆಯಲ್ಲಿ ತಂತಿಗೆ ಚುಚ್ಚಿಟ್ಟ ಹಳೆಯ ಬಿಲ್ಲುಗಳನ್ನು ಆ ಸಾಲಿಗೆ ಸೇರಿಸುವುದಿಲ್ಲ. ಆದರೆ ಗಡಿನಾಡಿನವರಿಗೆ ದೂರವಾಣಿಯ ಬಿಲ್ಲೂ ಒಂದು ಆಕರವೇ. ಮಂಜೇಶ್ವರದ ಕಡೆಯವರಾದ ನಾವು ಮಂಗಳೂರಿನ ನಂಟರೊಡನೆ ಮಾತಾಡಿದುದಕ್ಕೆ ತೆತ್ತ ಹಣವನ್ನು ನಮ್ಮ ಹಿರಿಯರು ನಗುತ್ತ ‘ಗಡಿಯ ಸುಂಕ’ ಎನ್ನುತ್ತಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿದ ನೋವು ಆ ಮಾತಿನ ಹಿಂದಿತ್ತು. ಆ ಸುಂಕ ನಿಜವಾಗಿಯೂ ಗಡಿಯದೇ ಆಗಿತ್ತೇ? ಇದನ್ನು ತಿಳಿಯಬೇಕಾದರೆ ಕರೆಗೆ ಬೆಲೆ ಕಟ್ಟುವ ಕ್ರಮ ಬೆಳೆದುಬಂದ ಬಗೆಯನ್ನು ನೋಡಬೇಕು.

ಭಾರತದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದುದು 1882ರಲ್ಲಿ, ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ. ಆಗ ತಂತಿಗೆ ತಂತಿ ಜೋಡಿಸುವುದು ಮನುಷ್ಯನ ಕೈಯ ಕೆಲಸ. ಪರವೂರಿಗೆ ‘ಟ್ರಂಕ್ ಕಾಲ್’ ಬೇಕಾದರೆ ಮೊದಲು ಹೆಸರು ಬರೆಯಿಸಿ ಕಾಯಬೇಕು. ಸಾದಾ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗೆ ದರ್ಜೆಗಳಿದ್ದವು. ಇಂಥವರೇ ಬಂದು ಮಾತಾಡಬೇಕೆಂದರೆ ‘ಪಿ. ಪಿ.’ ಕರೆ, ಅದಕ್ಕೆ ಬೇರೆ ಶುಲ್ಕ. ಆಪರೇಟರು ಚೀಟಿಯಲ್ಲಿ ಊರು, ನಂಬರು, ವೇಳೆಗಳನ್ನು ಬರೆದುಕೊಂಡು ಮೂರು ಮೂರು ನಿಮಿಷಗಳ ಲೆಕ್ಕದಲ್ಲಿ ಹಣ ಕಟ್ಟುತ್ತಿದ್ದರು. ಕಾಯುವುದು ಬೇಸರವಾದರೂ ಲೆಕ್ಕ ಮಾತ್ರ ಸ್ಪಷ್ಟ. ಪ್ರತಿ ಕರೆಗೂ ಒಂದು ಚೀಟಿಯ ಸಾಕ್ಷಿಯಿತ್ತು.

ಯಂತ್ರ ಬಂದಮೇಲೆ ಈ ಸಾಕ್ಷಿ ಹೋಯಿತು. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬವನು ಶವಸಂಸ್ಕಾರದ ವೃತ್ತಿಯವನು. 1891ರಲ್ಲಿ ಸ್ವಯಂಚಾಲಿತ ಜೋಡಣೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅದೇ ಬಗೆಯ ಉಪಕರಣಗಳನ್ನು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐ. ಟಿ. ಐ. ಕಾರ್ಖಾನೆ ನಮ್ಮ ದೇಶಕ್ಕಾಗಿ ತಯಾರಿಸಿತು. ಈ ಕೇಂದ್ರಗಳಲ್ಲಿ ಒಬ್ಬೊಬ್ಬ ಚಂದಾದಾರನಿಗೂ ಒಂದೊಂದು ಮೀಟರು. ಸ್ಥಳೀಯ ಕರೆಯಾದರೆ ಮುಳ್ಳು ಒಂದು ಅಂಕೆ ಮುಂದೆ ಸರಿಯುವುದು, ಅಷ್ಟೇ.

ಆದರೆ ಚಂದಾದಾರನೇ ದೂರದೂರಿಗೆ ನಂಬರು ತಿರುಗಿಸುವಂತಾದರೆ ದೂರವನ್ನೂ ಕಾಲವನ್ನೂ ಈ ಬಡ ಮೀಟರು ಅಳೆಯುವುದೆಂತು? ಫಿನ್ಲೆಂಡಿನ ಕಾರ್ಲ್‌ಸನ್ ಎಂಬ ಎಂಜಿನಿಯರನ ಹೆಸರಿನಿಂದ ಪ್ರಸಿದ್ಧವಾದ ಒಂದು ಕ್ರಮ ಇದಕ್ಕೆ ಉತ್ತರವಾಯಿತು. ಮಾತು ನಡೆಯುತ್ತಿರುವಷ್ಟು ಹೊತ್ತೂ ಮೀಟರಿಗೆ ವಿದ್ಯುತ್ತಿನ ಮಿಡಿತಗಳು, ಅಂದರೆ ಪಲ್ಸುಗಳು, ಬರುತ್ತಿರುವುವು. ಊರು ದೂರವಾದಷ್ಟೂ ಮಿಡಿತ ಬೇಗಬೇಗ, ಹತ್ತಿರವಾದರೆ ನಿಧಾನ. ರಾತ್ರಿ ರಿಯಾಯಿತಿ ಕೊಡಬೇಕೆಂದರೆ ಮಿಡಿತವನ್ನು ಇನ್ನಷ್ಟು ನಿಧಾನ ಮಾಡಿದರಾಯಿತು. ಇಲ್ಲಿರುವ ಮರ್ಮವನ್ನು ನಾವು ಗಮನಿಸಬೇಕು: ಒಂದು ಯೂನಿಟ್ಟಿನ ಬೆಲೆ ಬದಲಾಗುವುದಿಲ್ಲ, ಆ ಯೂನಿಟ್ಟಿಗೆ ದೊರೆಯುವ ಮಾತಿನ ಹೊತ್ತು ಬದಲಾಗುತ್ತದೆ. ಭಾರತದಲ್ಲಿ ಈ ನೇರ ಟ್ರಂಕ್ ಸೌಕರ್ಯ, ಜನರು ಎಸ್. ಟಿ. ಡಿ. ಎಂದು ಕರೆದದ್ದು, 1960ರ ನವೆಂಬರಿನಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಮೊದಲಾಯಿತು.

ಇನ್ನು ಹಳೆಯ ಬಿಲ್ಲನ್ನು ಓದೋಣ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಅದರಲ್ಲಿ ಹಿಂದಿನ ರೀಡಿಂಗ್ 4,210, ಈಗಿನದು 4,655 ಎಂದು ಭಾವಿಸೋಣ. ವ್ಯತ್ಯಾಸ 445. ಇದರಲ್ಲಿ ಉಚಿತ ಕರೆಗಳು 150 ಎಂದು ಕಳೆದರೆ 295 ಉಳಿಯಿತು. ಯೂನಿಟ್ಟಿಗೆ 80 ಪೈಸೆಯಂತೆ 236 ರೂಪಾಯಿ. ಇದಕ್ಕೆ ಬಾಡಿಗೆಯೂ ತೆರಿಗೆಯೂ ಕೂಡುತ್ತವೆ. ‘ಕರೆಗಳು’ ಎಂದು ಬರೆದಿದ್ದರೂ ಅವು ಕರೆಗಳಲ್ಲ, ಮಿಡಿತಗಳು. ಮೂರು ನಿಮಿಷಕ್ಕೊಂದು ಮಿಡಿತವಿದ್ದರೆ ಆರು ನಿಮಿಷದ ಮಾತಿಗೆ ಎರಡು ಯೂನಿಟ್ಟು. ಆರು ಸೆಕೆಂಡಿಗೊಂದಾದರೆ ಅದೇ ಮಾತಿಗೆ ಅರುವತ್ತು.

ನಮ್ಮ ಸಹೋದ್ಯೋಗಿಯೊಬ್ಬರಿಗೆ ಒಮ್ಮೆ ಎಂದಿನ ಮೂರು ಪಾಲು ಬಿಲ್ಲು ಬಂತು. ಕಚೇರಿಗೆ ಹೋಗಿ ವಿಚಾರಿಸಿದರೆ ‘ಮೀಟರು ಹೀಗೆ ತೋರಿಸುತ್ತದೆ, ಮಾಸ್ಟ್ರೇ’ ಎಂಬ ಉತ್ತರ. ಅದು ಸುಳ್ಳೂ ಅಲ್ಲ, ಸಮಾಧಾನವೂ ಅಲ್ಲ. ಯಾವ ಊರಿಗೆ, ಎಷ್ಟು ಹೊತ್ತು ಎಂಬುದು ಆ ಮೀಟರಿಗೇ ಗೊತ್ತಿರಲಿಲ್ಲ. ಎಲ್ಲ ಮಾತೂ ಅಲ್ಲಿ ಒಂದೇ ಮೊತ್ತವಾಗಿ ಬೆರೆತುಹೋಗಿತ್ತು. 1984ರಲ್ಲಿ ಸಿ-ಡಾಟ್ ಸ್ಥಾಪನೆಯಾಗಿ, ಅದರ ಗ್ರಾಮೀಣ ವಿದ್ಯುನ್ಮಾನ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಇಂಥ ಹೊಸ ಕೇಂದ್ರಗಳು ಹರಡಿದ ತರುವಾಯ ಒಂದೊಂದು ಟ್ರಂಕ್ ಕರೆಯ ವಿವರವೂ ಬಿಲ್ಲಿನಲ್ಲಿ ಬರುವಂತಾಯಿತು. ಚೀಟಿಯ ಸಾಕ್ಷಿ ಮರಳಿತು.

ಈಗ ಗಡಿಯ ಸುಂಕದ ಪ್ರಶ್ನೆಗೆ ಬರೋಣ. ಶುಲ್ಕಕ್ಕಾಗಿ ದೇಶವನ್ನು ಸುಮಾರು 320 ದೊಡ್ಡ ವಲಯಗಳಾಗಿಯೂ ಸುಮಾರು 2,600 ಸಣ್ಣ ವಲಯಗಳಾಗಿಯೂ ಹಂಚಿದ್ದರು. ಸಣ್ಣ ವಲಯವೆಂದರೆ ಹೆಚ್ಚುಕಡಿಮೆ ಒಂದು ತಾಲ್ಲೂಕು. ಅಳೆಯುತ್ತಿದ್ದುದು ಮನೆಯಿಂದ ಮನೆಗಿರುವ ದೂರವನ್ನಲ್ಲ, ವಲಯಕೇಂದ್ರಗಳ ನಡುವಣ ನೇರ ದೂರವನ್ನು. ನಮ್ಮಲ್ಲಿಂದ ಮಂಗಳೂರಿಗೆ 0824 ಒತ್ತಬೇಕು, ನಿಜ. ಆದರೆ ಉಪ್ಪಳ ವಲಯದ 04998ರವರಾದ ನಾವು ಅದೇ ಜಿಲ್ಲೆಯ ಕಾಸರಗೋಡಿಗೂ 04994 ಒತ್ತಬೇಕಿತ್ತಲ್ಲವೆ? ಆದವಾನಿಯ 08512, ಬಳ್ಳಾರಿಯ 08392 ಎರಡೂ ಎಂಟರ ಸಾಲಿನವು. ರಾಜ್ಯ ಬೇರೆಯಾದರೂ ಸಾಲು ಒಂದೇ. ಆದ್ದರಿಂದ ಅಂದಿನ ಮೀಟರು ರಾಜ್ಯದ ಗಡಿಯನ್ನು ಅರಿಯದು. ಅದು ಅರಿತದ್ದು ವಲಯದ ಮೇರೆಯನ್ನು. ಹಿರಿಯರ ಮಾತನ್ನು ಇಷ್ಟುಮಟ್ಟಿಗೆ ತಿದ್ದಬೇಕಾಗುತ್ತದೆ.

ಆದರೂ ಅವರ ಮಾತು ಬೇರೊಂದು ರೀತಿಯಲ್ಲಿ ನಿಜವಾಯಿತು. 1994ರ ದೂರಸಂಪರ್ಕ ನೀತಿಯ ತರುವಾಯ ಖಾಸಗಿಯವರಿಗೆ ಅವಕಾಶವಿತ್ತಾಗ ಸೇವಾವಲಯಗಳು ಬಹುಮಟ್ಟಿಗೆ ರಾಜ್ಯಗಳ ಮೇರೆಯನ್ನೇ ಹಿಡಿದವು. ತಲಪಾಡಿ ದಾಟಿದೊಡನೆ ಮೊಬೈಲಿನಲ್ಲಿ ‘ರೋಮಿಂಗ್’ ಎಂದು ಮೂಡುತ್ತಿದ್ದುದು ನಮಗೆಲ್ಲ ನೆನಪಿದೆ. ಗಡಿಯ ಸುಂಕವೆಂಬ ಹೆಸರು ಸಲ್ಲುವುದಾದರೆ ಅದಕ್ಕೆ ಸಲ್ಲುತ್ತದೆ. 2006ರ ಮಾರ್ಚ್ 1ರಿಂದ ಸರಕಾರಿ ದೂರವಾಣಿ ಸಂಸ್ಥೆಗಳು ನಿಮಿಷಕ್ಕೆ ಒಂದು ರೂಪಾಯಿಯಂತೆ ದೇಶದ ಯಾವ ಮೂಲೆಗೂ ಮಾತಾಡುವ ಯೋಜನೆ ತಂದ ಬಳಿಕ ದೂರದ ಲೆಕ್ಕ ಸಡಿಲವಾಯಿತು. ಈಗ ತಿಂಗಳಿಗಿಷ್ಟು ಎಂದು ಕಟ್ಟಿ ಎಷ್ಟಾದರೂ ಮಾತಾಡುವ ಕ್ರಮವೇ ಹೆಚ್ಚಾಗಿದೆ, ಮೀಟರು ಮೌನವಾಗಿದೆ.

ಹಣ ಮಿಡಿಯುತ್ತಿದ್ದಾಗ ನಮ್ಮವರು ಗಡಿಯಾಚೆಗೆ ಏನು ಮಾತಾಡಿದರು? ಹೆರಿಗೆ, ಮದುವೆ, ಮರಣ, ಮಗುವಿಗೆ ಕನ್ನಡ ಶಾಲೆಯಲ್ಲಿ ಸೀಟು. ಇವನ್ನು ಯಾವ ಬಿಲ್ಲೂ ಬರೆದಿಲ್ಲ. ಆದರೆ ಯಾವ ತಿಂಗಳಲ್ಲಿ ಮೀಟರು ಓಡಿತು ಎಂಬುದನ್ನು ಅದು ಬರೆದಿದೆ. ಬಿಲ್ಲು ತಾರೀಖನ್ನು ಕೊಡುತ್ತದೆ, ಕಾರಣವನ್ನು ಮನೆಯ ಅಜ್ಜಿ ಹೇಳಬಲ್ಲಳು. ಅಧ್ಯಾಪಕ ಮಿತ್ರರು ತಮ್ಮ ಊರಿನ ಹಳೆಯ ಬಿಲ್ಲುಗಳನ್ನು ರದ್ದಿಗೆ ಹಾಕುವ ಮುನ್ನ ಅವೆರಡನ್ನೂ ಜೊತೆಗಿಟ್ಟು ಬರೆದಿಡಲೆಂದು ನಮ್ಮ ವಿನಂತಿ.