ಒಂದು ಹೆಸರಿನ ಸ್ಥಾನಾಂತರ

ವೈದ್ಯನು ಇಡುವ ಹೆಸರು ರೋಗಿಗೆ ಚಿಕಿತ್ಸೆಯ ಬಾಗಿಲನ್ನು ತೆರೆಯುವುದು. ಒಮ್ಮೊಮ್ಮೆ ಅವನಿಗೆ ಕಳಂಕವನ್ನೂ ತರುವುದು. ಹುಟ್ಟಿದಾಗ ಗಂಡೆಂದೋ ಹೆಣ್ಣೆಂದೋ ಎಣಿಸಲ್ಪಟ್ಟು, ಬೆಳೆದಂತೆ ತಮ್ಮ ಅಂತರಂಗದಲ್ಲಿ ಬೇರೆಯೇ ಲಿಂಗಭಾವವನ್ನು ಕಂಡುಕೊಂಡವರ ವಿಷಯದಲ್ಲಿ ಈ ಎರಡು ಕಾರ್ಯಗಳೂ ಒಂದೇ ಹೆಸರಿನಿಂದ ನಡೆದುವು. ಆ ಹೆಸರು ಮನೋವ್ಯಾಧಿಗಳ ಪಟ್ಟಿಯಲ್ಲಿ ಇರತಕ್ಕದ್ದೇ ಅಲ್ಲವೇ ಎಂಬ ವಾದವು ದಶಕಗಳ ಕಾಲ ನಡೆಯಿತು.

ಇಂಥವರನ್ನು ಶಾಸ್ತ್ರದೃಷ್ಟಿಯಿಂದಲೂ ಸಹಾನುಭೂತಿಯಿಂದಲೂ ನೋಡಿದ ಮೊದಲಿಗರಲ್ಲಿ ಜರ್ಮನಿಯ ವೈದ್ಯನಾದ ಮಾಗ್ನುಸ್ ಹಿರ್ಷ್‌ಫೆಲ್ಡನು ಒಬ್ಬನು. 1919ರಲ್ಲಿ ಆತನು ಬರ್ಲಿನ್ ನಗರದಲ್ಲಿ ಸ್ಥಾಪಿಸಿದ ಲೈಂಗಿಕವಿಜ್ಞಾನ ಮಂದಿರವನ್ನು 1933ರ ಮೇ ತಿಂಗಳಲ್ಲಿ ನಾಜೀ ವಿದ್ಯಾರ್ಥಿಗಳು ಕೊಳ್ಳೆಹೊಡೆದು, ಅಲ್ಲಿಯ ಗ್ರಂಥಗಳನ್ನು ಬೆಂಕಿಗೆ ಹಾಕಿದರು. ಮುಂದೆ ಅಮೆರಿಕದಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯನು, ಇಂಥವರ ಮನಸ್ಸನ್ನು ದೇಹಕ್ಕೆ ಹೊಂದಿಸುವ ಯತ್ನಗಳು ನಿಷ್ಫಲವಾದುದರಿಂದ ದೇಹವನ್ನೇ ಮನಸ್ಸಿಗೆ ಹೊಂದಿಸುವುದು ಯುಕ್ತವೆಂದು 1966ರ ತನ್ನ ಗ್ರಂಥದಲ್ಲಿ ವಾದಿಸಿದನು.

ಅಮೆರಿಕದ ಮನೋವೈದ್ಯ ಸಂಘವು 1973ರಲ್ಲಿ ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಆದರೆ ಅದೇ ಸಂಘದ 1980ರ ಕೈಪಿಡಿಯಲ್ಲಿ ಲಿಂಗಭಾವದ ವಿಕಾರಗಳೆಂಬ ಹೊಸ ವರ್ಗವು ಸೇರಿತು. 1990ರಲ್ಲಿ ಅಂಗೀಕೃತವಾದ ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ವರ್ಗೀಕರಣದಲ್ಲಿಯೂ ಅದು ಮನೋವಿಕಾರಗಳ ಅಧ್ಯಾಯದಲ್ಲಿಯೇ ಇದ್ದಿತು.

ಇದನ್ನು ವಿರೋಧಿಸಿದವರು, ತಾನು ಯಾರೆಂಬ ಅರಿವೇ ಹುಚ್ಚೆಂದು ಬರೆಯಲ್ಪಟ್ಟರೆ ಆ ಮನುಷ್ಯನ ಮಾತಿಗೆ ನ್ಯಾಯಾಲಯದಲ್ಲಾಗಲಿ ಮನೆಯಲ್ಲಾಗಲಿ ಬೆಲೆಯೆಲ್ಲಿ ಎಂದು ಕೇಳಿದರು. ಇತ್ತ ಬೇರೆ ಕೆಲವರಿಗೆ ಇನ್ನೊಂದು ಭಯವಿದ್ದಿತು. ರೋಗದ ಹೆಸರಿಲ್ಲದೆ ವಿಮೆಯವರು ಹಣ ಕೊಡರು, ಆಸ್ಪತ್ರೆಯವರು ಚಿಕಿತ್ಸೆ ಮಾಡರು. ಹೆಸರನ್ನು ಅಳಿಸಿದರೆ ಬಡವರ ಪಾಲಿಗೆ ಬಾಗಿಲೇ ಮುಚ್ಚುವುದೆಂದು ಅವರು ಹೇಳಿದರು. ಎರಡು ಪಕ್ಷಗಳ ಮಾತಿನಲ್ಲಿಯೂ ಸತ್ಯವಿದ್ದಿತು.

2013ರಲ್ಲಿ ಅಮೆರಿಕದ ಕೈಪಿಡಿಯು ಮಧ್ಯಮಮಾರ್ಗವೊಂದನ್ನು ಹಿಡಿಯಿತು. ಲಿಂಗಭಾವವು ರೋಗವಲ್ಲ, ಅದರಿಂದ ಉಂಟಾಗುವ ಸಂಕಟಕ್ಕೆ ಮಾತ್ರವೇ ಚಿಕಿತ್ಸೆಯೆಂದು ಅದು ಹೆಸರನ್ನು ಬದಲಾಯಿಸಿತು. ಆದರೆ ಆ ಸಂಕಟದ ಮೂಲವೆಲ್ಲಿ? ಮೆಕ್ಸಿಕೋ ನಗರದಲ್ಲಿ ಇಂಥ 250 ಮಂದಿಯನ್ನು ವಿಚಾರಿಸಿ 2016ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಅವರ ಕ್ಲೇಶಕ್ಕೆ ಲಿಂಗಭಾವದ ಭೇದಕ್ಕಿಂತ ಸಮಾಜದ ತಿರಸ್ಕಾರ ಮತ್ತು ಹಿಂಸೆಗಳ ಸಂಬಂಧವೇ ಹೆಚ್ಚೆಂದು ಕಂಡುಬಂದಿತು. ಡೆನ್ಮಾರ್ಕ್ ದೇಶವು ಇತರರಿಗಾಗಿ ಕಾಯದೆ, 2017ರ ಜನವರಿ 1ರಿಂದ ಈ ಹೆಸರನ್ನು ತನ್ನ ಮನೋರೋಗಗಳ ಪಟ್ಟಿಯಿಂದ ತೆಗೆಯಿತು.

ಕೊನೆಗೆ 2019ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯು ಹನ್ನೊಂದನೆಯ ವರ್ಗೀಕರಣವನ್ನು ಒಪ್ಪಿತು. 2022ರ ಜನವರಿ 1ರಂದು ಅದು ಜಾರಿಗೆ ಬಂದಿತು. ಅದರಲ್ಲಿ ಹೆಸರು ಅಳಿಯಲಿಲ್ಲ. ಮನೋವಿಕಾರಗಳ ಅಧ್ಯಾಯವನ್ನು ಬಿಟ್ಟು, ಲೈಂಗಿಕ ಆರೋಗ್ಯಕ್ಕೆ ಸಂಬಂಧಪಟ್ಟ ಹೊಸ ಅಧ್ಯಾಯಕ್ಕೆ ಹೋಯಿತು. ಬಸಿರೂ ಹೆರಿಗೆಯೂ ರೋಗಗಳಲ್ಲ. ಆದರೂ ವೈದ್ಯಸಹಾಯವು ಬೇಕಾದುದರಿಂದ ಅವಕ್ಕೆ ಆ ಪಟ್ಟಿಯಲ್ಲಿ ಸ್ಥಾನವುಂಟು. ಇದೂ ಅದೇ ನ್ಯಾಯ.

ವಾದವು ಪೂರ್ಣವಾಗಿ ಶಮನವಾಯಿತೆಂದಲ್ಲ. ಎಳೆಯ ಮಕ್ಕಳಿಗೂ ಇಂಥ ಹೆಸರು ಅವಶ್ಯವೇ ಎಂಬ ಪ್ರಶ್ನೆಯು ಉಳಿದಿದೆ. ಆದರೆ ಆರೈಕೆಯನ್ನು ಪಡೆಯಲು ಒಬ್ಬನು ತನ್ನನ್ನು ಮನೋರೋಗಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ ಎಂಬ ತತ್ತ್ವವು ಲೋಕದ ವೈದ್ಯಗ್ರಂಥದಲ್ಲಿ ದಾಖಲಾಯಿತು. ಪುಟದ ಬದಲಾವಣೆಯು ಅಲ್ಪವಾಗಿ ತೋರಬಹುದು. ಆ ಪುಟದ ಮೇಲೆ ಬಾಳನ್ನು ಕಟ್ಟಬೇಕಾದವರಿಗೆ ಅದು ಅಲ್ಪವಲ್ಲ.